ತಲೆ ತಿರುಗಿಸಬೇಡ ಮಾರಾಯ

ದೀಪಾವಳಿಗೆ ದೇವೀರಮ್ಮನ ಬೆಟ್ಟ ಹತ್ತುವಾಗ ನನ್ನ ಮುಂದೆ ಒಬ್ಬ ಹುಡುಗನಿದ್ದ. ಹಣೆಗೆ ದೀಪ ಕಟ್ಟಿಕೊಂಡಿದ್ದ. ಒಳ್ಳೆಯವನೇ. ಹತ್ತು ಹೆಜ್ಜೆಗೊಮ್ಮೆ ಹಿಂದೆ ತಿರುಗಿ "ಅಂಕಲ್, ಹುಷಾರು, ಜಾರುತ್ತೆ" ಅನ್ನುತ್ತಿದ್ದ. ತಿರುಗಿದಾಗಲೆಲ್ಲ ನನ್ನ ಕಣ್ಣಿಗೆ ಕತ್ತಲೆ. ಅವನು ಹುಷಾರು ಹೇಳದಿದ್ದರೆ ನಾನು ಜಾರುತ್ತಲೇ ಇರಲಿಲ್ಲ.

ಕೈಯಲ್ಲಿ ಹಿಡಿಯುವ ಬ್ಯಾಟರಿಗೆ ಒಂದು ಮರ್ಯಾದೆ ಇತ್ತು. ಅದು ನೆಲ ನೋಡುತ್ತಿತ್ತು. ಮೂಡಿಗೆರೆ ಕಡೆಯ ನಮ್ಮ ದೊಡ್ಡಪ್ಪನ ಹತ್ತಿರ ಮೂರು ಸೆಲ್ಲಿನದೊಂದಿತ್ತು. ಮಳೆಗಾಲದಲ್ಲಿ ಕರೆಂಟು ಹೋದರೆ ವಾರಗಟ್ಟಲೆ ಅದೇ ಗತಿ. ಸೆಲ್ ಸೋತರೆ ಬಿಸಿಲಿಗೆ ಇಡುತ್ತಿದ್ದರು. ಬಿಸಿಲೆಲ್ಲಿ ಬರಬೇಕು? ಬಚ್ಚಲೊಲೆಯ ದಂಡೆ ಮೇಲೆ ಸಾಲಾಗಿ ಕೂರುತ್ತಿದ್ದವು. ಸುಣ್ಣದಲ್ಲಿ ಒಂದು, ಎರಡು, ಮೂರು ಎಂದು ನಂಬರು ಬೇರೆ. ಮೂರನೆಯದು ಸೋಮಾರಿಯಂತೆ. ಅದನ್ನು ನಡುವೆ ಹಾಕಿದರೆ ಉಳಿದೆರಡು ಸೇರಿ ದುಡಿಸುತ್ತವೆ ಅನ್ನುವುದು ದೊಡ್ಡಪ್ಪನ ಸಿದ್ಧಾಂತ. ಒಂದು ರಾತ್ರಿ ತೋಟಕ್ಕೆ ದನ ನುಗ್ಗಿತು. ಬ್ಯಾಟರಿ ಒತ್ತಿದರೆ ಬೆಳಕಿಲ್ಲ. ಅಂಗೈಗೆ ಬಡಿದರು, ತೊಡೆಗೆ ಬಡಿದರು. ಬಿಚ್ಚಿ ನೋಡಿದರೆ ಎರಡೇ ಸೆಲ್ಲು! ಸೋಮಾರಿ ದೊಡ್ಡಮ್ಮನ ರೇಡಿಯೊದೊಳಗಿತ್ತು. ಅಲ್ಲಿ ಚೆನ್ನಾಗಿಯೇ ದುಡಿಯುತ್ತಿತ್ತು. ಇಬ್ಬರ ಜಗಳ ಮುಗಿಯುವಷ್ಟರಲ್ಲಿ ದನ ಹೊಟ್ಟೆ ತುಂಬಿಸಿಕೊಂಡು ತಾನೇ ಹೋಗಿತ್ತು.

ಆಲ್ಪ್ಸ್ ಹತ್ತುತ್ತಿದ್ದ ಹಳಬರದೂ ಇಂಥದೇ ಪಾಡು. ಬಿಸಿಲೇರಿದರೆ ಹಿಮ ಮೆತ್ತಗಾಗುತ್ತದೆಂದು ನಡುರಾತ್ರಿಯೇ ಹೊರಡಬೇಕು. ಒಂದು ಕೈಯಲ್ಲಿ ಮೇಣದಬತ್ತಿಯ ಲಾಂದ್ರ, ಇನ್ನೊಂದರಲ್ಲಿ ಹಿಮ ಕಡಿಯುವ ಕೊಡಲಿ. ಗಾಳಿ ಬಂದರೆ ಲಾಂದ್ರ ಢಮಾರ್. ಗಣಿಯವರು, ಗುಹೆ ಹೊಕ್ಕುವವರು ಕಾರ್ಬೈಡಿಗೆ ನೀರು ತೊಟ್ಟಿಕ್ಕಿಸಿ ಹಣೆಯ ಮೇಲೆ ಉರಿಯನ್ನೇ ಹೊತ್ತರು. ನಮ್ಮಲ್ಲಿ ಕದ್ದುಮುಚ್ಚಿ ಮಾವು ಹಣ್ಣು ಮಾಡುತ್ತಾರಲ್ಲ, ಅದೇ ಕಾರ್ಬೈಡು. ಆಮೇಲೆ ಬಲ್ಬು ಹಣೆಗೆ ಬಂತು, ಆದರೆ ಸೆಲ್ಲು ಸೊಂಟದಲ್ಲಿ, ನಡುವೆ ಉದ್ದ ವೈರು. 1973ರಲ್ಲಿ ಫ್ರಾನ್ಸಿನ ಪೆಟ್ಜಲ್ ಎಂಬ ಗುಹೆ ಹುಚ್ಚಿನವರ ಮನೆಯಿಂದ ಸೆಲ್ಲೂ ತಲೆಯ ಮೇಲೇ ಕೂರುವ ದೀಪ ಬಂತು. 2000ದಲ್ಲಿ ಅದೇ ಹೆಸರಿನ ಕಂಪನಿ 'ಟಿಕ್ಕಾ' ಅಂತ ಪುಟ್ಟ ಎಲ್‌ಇಡಿ ತಂದಿತು. ಬೊಟ್ಟಿಟ್ಟಷ್ಟು ಹಗುರ. ಎರಡೂ ಕೈ ಖಾಲಿ. ಖಾಲಿ ಕೈಯಲ್ಲಿ ಈ ಹುಡುಗ ಮಾಡುತ್ತಿದ್ದದ್ದೇನು? ಸೆಲ್ಫಿ.

ಬೆಳಕು ಕೈಯಿಂದ ತಲೆಗೇರಿದ್ದರಲ್ಲಿ ಒಂದು ದೊಡ್ಡ ಮಾತಿದೆ ಅಂತ ಆ ಏರಿನಲ್ಲೇ ನನಗೆ ಹೊಳೆದಿತ್ತು. ಏನದು ಅಂದರೆ, ಮನುಷ್ಯ ಯಾವಾಗ...

"ಅಂಕಲ್, ಏನೋ ಅಂದ್ರಾ?" ಹುಡುಗ ಪೂರ್ತಿ ಹಿಂದೆ ತಿರುಗಿದ.