ಪೈಲಟ್‌ಗಳ ಕೊರತೆಯಿದೆ, ದಯವಿಟ್ಟು ಮನೆಯಲ್ಲೇ ಇರಿ

ದೇಶಕ್ಕೆ ಪೈಲಟ್‌ಗಳು ಬೇಕಾಗಿದ್ದಾರೆ. ಹತ್ತಿಪ್ಪತ್ತು ಜನ ಅಲ್ಲ, ಮುಂದಿನ 15-20 ವರ್ಷಗಳಲ್ಲಿ 30 ಸಾವಿರ ಮಂದಿ ಬೇಕು ಅಂತ ವಿಮಾನಯಾನ ಸಚಿವರೇ ಹೇಳಿದ್ದಾರೆ. ವಿಮಾನಗಳಿಗಂತೂ ಬರವಿಲ್ಲ. 2023ರ ಫೆಬ್ರುವರಿಯಲ್ಲಿ ಏರ್ ಇಂಡಿಯಾ ಒಂದೇ ಏಟಿಗೆ 470 ವಿಮಾನ ಕೊಳ್ಳುವುದಾಗಿ ಘೋಷಿಸಿತು. ಜೂನ್‌ನಲ್ಲಿ ಪ್ಯಾರಿಸ್‌ಗೆ ಹೋದ ಇಂಡಿಗೋ ‘ನಮಗೆ 500’ ಎಂದಿತು. ಅದೇ ವರ್ಷ ವಿಮಾನಯಾನದ ನಿಯಂತ್ರಣ ಸಂಸ್ಥೆ ಡಿಜಿಸಿಎ 1,622 ಕಮರ್ಷಿಯಲ್ ಪೈಲಟ್ ಲೈಸೆನ್ಸ್ ಕೊಟ್ಟು ದಾಖಲೆ ಮಾಡಿತು. ಅಂದರೆ ವಿಮಾನ ಬರುತ್ತಿದೆ, ಓಡಿಸುವವರು ಬೇಕು ಎನ್ನುವ ಕಂಪನಿಯಿದೆ, ಓಡಿಸುತ್ತೇನೆ ಎನ್ನುವ ಲೈಸೆನ್ಸ್‌ದಾರನೂ ಇದ್ದಾನೆ. ಈ ಇಬ್ಬರೂ ಅಪ್ಪಿತಪ್ಪಿಯೂ ಭೇಟಿಯಾಗದ ಹಾಗೆ ನೋಡಿಕೊಳ್ಳುವುದು ಸಣ್ಣ ಸಾಧನೆಯೇನಲ್ಲ. ಅದನ್ನು ಸಾಧಿಸಿದವರ ಬಗ್ಗೆ ನಾಲ್ಕು ಒಳ್ಳೆಯ ಮಾತು ಆಡದಿದ್ದರೆ ಪಾಪ ಬಂದೀತು.

ಶಿರಸಿ ಕಡೆಯ ನಮ್ಮ ನೆಂಟರ ಹುಡುಗನೊಬ್ಬ ಪೈಲಟ್. ಪೈಲಟ್ ಅಂದರೆ, ಲೈಸೆನ್ಸ್ ಇದೆ. ಅವನ ಅಪ್ಪನಿಗೆ ಅಡಿಕೆ ತೋಟ ಇತ್ತು. ತೋಟ ಮಾಡಿಕೊಂಡಿರುವ ಗಂಡಿಗೆ ನಮ್ಮ ಸೀಮೆಯಲ್ಲಿ ಹೆಣ್ಣು ಸಿಗುವುದಿಲ್ಲ ಅನ್ನುವುದು ಈಗ ಮಲೆನಾಡಿನ ಮಗುವಿಗೂ ಗೊತ್ತು. ಹಾಗಾಗಿ ಅರ್ಧ ತೋಟ ಮಾರಿ, ಉಳಿದರ್ಧವನ್ನು ಬ್ಯಾಂಕಿಗೆ ಅಡವಿಟ್ಟು ಮಗನನ್ನು ಪೈಲಟ್ ಮಾಡಿದರು. ಈಗ ಹೆಣ್ಣಿನ ಕಡೆಯವರು ಬಂದರೆ ಕೇಳುವ ಪ್ರಶ್ನೆ ಎರಡು: ‘ಹುಡುಗ ಯಾವ ಕಂಪನಿ ವಿಮಾನ ಬಿಡ್ತಾನೆ?’ ಮತ್ತು ‘ತೋಟ ಎಷ್ಟಿದೆ?’ ಎರಡಕ್ಕೂ ಉತ್ತರ ಒಂದೇ ಆಗಿರುವುದರಿಂದ ಅಪ್ಪಯ್ಯ ಎದ್ದು ಒಳಗೆ ಹೋಗಿ, ಕಷಾಯ ಆಯ್ತಾ ಅಂತ ವಿಚಾರಿಸುತ್ತಾರೆ.

ಲೈಸೆನ್ಸ್ ಬಂದದ್ದಾದರೂ ಸುಮ್ಮನೆ ಬಂದದ್ದಲ್ಲ. ಪಿಯುಸಿಯಲ್ಲಿ ಫಿಸಿಕ್ಸ್, ಮ್ಯಾಥ್ಸ್ ಇರಬೇಕು. ಬೆಂಗಳೂರಿನ ಹಳೇ ಏರ್‌ಪೋರ್ಟ್ ರಸ್ತೆಯಲ್ಲಿರುವ ವಾಯುಪಡೆಯ ವೈದ್ಯಕೀಯ ಸಂಸ್ಥೆಯಂಥ ಕಡೆ ಹೋಗಿ ಕಣ್ಣು, ಕಿವಿ, ಹೃದಯ, ಬೆನ್ನುಮೂಳೆ ಎಲ್ಲವನ್ನೂ ತೋರಿಸಿ ‘ಕ್ಲಾಸ್ ಒನ್’ ಅನ್ನಿಸಿಕೊಳ್ಳಬೇಕು. ನ್ಯಾವಿಗೇಶನ್, ಮೀಟಿಯರಾಲಜಿ, ರೆಗ್ಯುಲೇಶನ್ಸ್, ಟೆಕ್ನಿಕಲ್ ಅಂತ ಪೇಪರು ಬರೆಯಬೇಕು, ಒಂದೊಂದರಲ್ಲೂ 70 ಅಂಕ ಬಾರದಿದ್ದರೆ ಫೇಲು. ಪರೀಕ್ಷೆಗೆ ಕೂರುವ ಮೊದಲೇ ಡಿಜಿಸಿಎಯಿಂದ ‘ಕಂಪ್ಯೂಟರ್ ನಂಬರ್’ ಅನ್ನುವುದೊಂದು ಬರಬೇಕು. ಅದು ಬಂದ ದಿನವೇ ಹುಡುಗನ ಮನೆಯಲ್ಲಿ ಸತ್ಯನಾರಾಯಣ ವ್ರತ ಆಯಿತು. ಪಾಸಾಗುವ ತನಕ ಕಾಯುವ ಪುರುಸೊತ್ತು ಅಮ್ಮನಿಗೆ ಇರಲಿಲ್ಲ.

ಆಮೇಲೆ 200 ಗಂಟೆ ಹಾರಬೇಕು. ಫ್ಲೈಯಿಂಗ್ ಸ್ಕೂಲಿನ ಕರಪತ್ರದಲ್ಲಿ ಇದಕ್ಕೆ ಒಂದು ವರ್ಷ ಸಾಕು. ಕರಪತ್ರ ಅಚ್ಚು ಹಾಕಿಸುವವನಿಗೆ ಮಳೆಗಾಲದ ವಿಷಯ ಯಾರೂ ಹೇಳಿರುವುದಿಲ್ಲ. ಮಳೆ ನಿಂತರೆ ಮಂಜು, ಮಂಜು ಕರಗಿದರೆ ವಿಮಾನ ರಿಪೇರಿ, ವಿಮಾನ ರೆಡಿಯಾದರೆ ಕಲಿಸುವ ಮೇಷ್ಟ್ರು ಏರ್‌ಲೈನ್‌ಗೆ ಸೇರಿ ಹೋಗಿರುತ್ತಾರೆ. ಹೌದು, ಮೇಷ್ಟ್ರಿಗೆ ಗಂಟೆಗಳು ಜಮೆಯಾಗುವುದೇ ತಡ, ಅವರು ಗಂಟುಮೂಟೆ ಕಟ್ಟುತ್ತಾರೆ. ವರ್ಷ ಒಂದಿದ್ದದ್ದು ಎರಡಾಗಿ, ಎರಡು ಮೂರಾಗುವುದು ಇಲ್ಲಿ ಮಾಮೂಲು. ಈ ಕಷ್ಟ ನೋಡಲಾರದೆ ಕೆಲವರು ಹಿಂದೆ ನೆಲದ ಮೇಲೆ ಕೂತೇ ಲಾಗ್‌ಬುಕ್‌ನಲ್ಲಿ ಗಂಟೆ ಬರೆದುಕೊಂಡದ್ದೂ ಉಂಟು. ಅವಕ್ಕೆ ಪೈಲಟ್‌ಗಳ ವಲಯದಲ್ಲಿ ‘ಪಾರ್ಕರ್ ಪೆನ್ನಿನ ಗಂಟೆ’ ಎಂದು ಹೆಸರು. 2011ರಲ್ಲಿ ನಕಲಿ ಅಂಕಪಟ್ಟಿ, ನಕಲಿ ಗಂಟೆಗಳ ಹಗರಣ ಹೊರಬಿದ್ದು ಪೊಲೀಸರು ಕೆಲವರನ್ನು ಹಿಡಿದಾಗ ಪೇಪರಿನವರು ಗಾಬರಿಯಾದರು. ಪೆನ್ನಿಗೆ ಮಾತ್ರ ಆ ಅಷ್ಟೂ ಗಂಟೆಯ ಅನುಭವ ಇತ್ತು ಅನ್ನುವುದನ್ನು ಯಾರೂ ಪರಿಗಣಿಸಲಿಲ್ಲ.

ನಮ್ಮ ಹುಡುಗ ಪ್ರಾಮಾಣಿಕ. ಸೆಸ್ನಾ ಅನ್ನುವ ಪುಟ್ಟ ವಿಮಾನದಲ್ಲಿ ಕೂತು 200 ಗಂಟೆಯನ್ನೂ ಹಾರಿಯೇ ಬರೆದ. ಅವನ ಲಾಗ್‌ಬುಕ್ ನಾನು ನೋಡಿದ್ದೇನೆ. ದೇವರ ಮನೆಯಲ್ಲಿ ಪಂಚಾಂಗದ ಪಕ್ಕ ಇಟ್ಟಿದ್ದಾರೆ, ರಟ್ಟಿನ ಮೇಲೆ ಅರಿಸಿನ ಕುಂಕುಮ. ಒಳಗೆ ಸಾಲು ಸಾಲಾಗಿ ತಾರೀಖು, ವಿಮಾನದ ನಂಬರು, ಎಲ್ಲಿಂದ ಎಲ್ಲಿಗೆ, ಎಷ್ಟು ನಿಮಿಷ, ಪಕ್ಕದಲ್ಲಿ ಮೇಷ್ಟ್ರ ಸಹಿ. ಅಪ್ಪಯ್ಯ ಅದರ ಒಂದೊಂದು ಸಾಲನ್ನೂ ಅಡಿಕೆ ಮರದ ಲೆಕ್ಕದಲ್ಲಿ ಓದಬಲ್ಲರು. ‘ಇದು ನೋಡಿ, ಈ ಒಂದೂವರೆ ತಾಸು, ಬಾವಿ ಹತ್ತಿರದ ಸಾಲು ಪೂರ್ತಿ ಇದಕ್ಕೇ ಹೋಯ್ತು’ ಎಂದು ಬೆರಳಿಟ್ಟು ತೋರಿಸಿದರು. ಒಟ್ಟು 50-60 ಲಕ್ಷದ ಪುಸ್ತಕ. ಇಷ್ಟು ದುಬಾರಿ ಪುಸ್ತಕವನ್ನು ಕನ್ನಡದ ಯಾವ ಪ್ರಕಾಶಕರೂ ಇದುವರೆಗೆ ತಂದಿಲ್ಲ.

ಇಷ್ಟಾದ ಮೇಲೆ ಕೆಲಸಕ್ಕೆ ಅರ್ಜಿ. ಏರ್‌ಲೈನ್ ಹೇಳಿತು: ‘ಬಹಳ ಸಂತೋಷ. ಆದರೆ ನೀವು ಹಾರಿಸಿದ್ದು ಸೆಸ್ನಾ. ನಮ್ಮಲ್ಲಿರುವುದು ಏರ್‌ಬಸ್. ಏರ್‌ಬಸ್‌ಗೆ ಟೈಪ್ ರೇಟಿಂಗ್ ಮಾಡಿಕೊಂಡು ಬನ್ನಿ.’ ಟೈಪ್ ರೇಟಿಂಗ್ ಅಂದರೆ ಆ ಮಾದರಿಯ ವಿಮಾನ ಹಾರಿಸಲು ಬೇಕಾದ ಪ್ರತ್ಯೇಕ ಅರ್ಹತೆ. ಅದಕ್ಕೆ ಇನ್ನೊಂದು 15-20 ಲಕ್ಷ. ಬಸ್ಸಿನ ಡ್ರೈವರ್ ಕೆಲಸಕ್ಕೆ ಹೋದವನಿಗೆ ಡಿಪೋ ಮ್ಯಾನೇಜರು ‘ಮೊದಲು ನಿನ್ನ ದುಡ್ಡಿನಲ್ಲಿ ನಮ್ಮ ವೋಲ್ವೊ ಓಡಿಸೋದು ಕಲಿತು ಬಾ, ಕೆಲಸ ಕೊಡ್ತೀವಾ ಇಲ್ವಾ ಅಂತ ಆಮೇಲೆ ಯೋಚಿಸ್ತೀವಿ’ ಅಂದರೆ ಸಂಜೆಯೊಳಗೆ ಯೂನಿಯನ್‌ನವರು ಡಿಪೋ ಗೇಟು ಹಾಕಿಸುತ್ತಾರೆ. ಇಲ್ಲಿ ಹಾಗಿಲ್ಲ. ಇಲ್ಲಿ ಅಪ್ಪಂದಿರು ಕೈಮುಗಿದು ಇನ್ನರ್ಧ ತೋಟದ ಪತ್ರ ತೆಗೆಯುತ್ತಾರೆ. ಹುಡುಗ ಯುರೋಪಿಗೆ ಹೋಗಿ ಸಿಮ್ಯುಲೇಟರ್‌ನಲ್ಲಿ ಕೂತು, ನೆಲ ಬಿಟ್ಟು ಮೇಲೇಳದ ಏರ್‌ಬಸ್ಸನ್ನು ಹಗಲು ರಾತ್ರಿ ಹಾರಿಸಿ ಸರ್ಟಿಫಿಕೇಟ್ ತಂದ.

ಏರ್‌ಲೈನ್ ಮತ್ತೆ ಹೇಳಿತು: ‘ಭೇಷ್. ಆದರೆ ಈಗ ನಮಗೆ ಬೇಕಿರುವುದು ಈ ವಿಮಾನದ ಮೇಲೆ 500 ಗಂಟೆ ಅನುಭವ ಇರುವವರು.’ ಅನುಭವ ಬೇಕೆಂದರೆ ಕೆಲಸ ಬೇಕು, ಕೆಲಸ ಬೇಕೆಂದರೆ ಅನುಭವ ಬೇಕು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಅಂತ ನಮ್ಮ ಹಿರಿಯರು ಹೇಳುವಾಗ ಅವರ ಮುಂದೆ ಒಬ್ಬ ಹುಡುಗ ಇದ್ದಿರಬೇಕು. ನಮ್ಮವನಿಗೆ ಆ ಗಾದೆ ಎರಡೂ ಅರ್ಥದಲ್ಲಿ ಒಪ್ಪುತ್ತದೆ.

ಸುಳ್ಳು ಯಾರೂ ಹೇಳುತ್ತಿಲ್ಲ ಅನ್ನುವುದೇ ಇದರ ಸ್ವಾರಸ್ಯ. ಕೊರತೆ ನಿಜವಾಗಿಯೂ ಇದೆ, ಆದರೆ ಅದು ಕ್ಯಾಪ್ಟನ್‌ಗಳ ಕೊರತೆ. ಕ್ಯಾಪ್ಟನ್ ಆಗಿ ಎಡಗಡೆ ಸೀಟಿನಲ್ಲಿ ಕೂರಬೇಕಾದರೆ ಎಟಿಪಿಎಲ್ ಅನ್ನುವ ಮೇಲಿನ ದರ್ಜೆಯ ಲೈಸೆನ್ಸ್ ಬೇಕು, ಅದಕ್ಕೆ 1,500 ಗಂಟೆ. ಆ ಗಂಟೆಗಳನ್ನು ಕೂಡಿಸುವುದು ಬಲಗಡೆ ಸೀಟಿನಲ್ಲಿ ಕೂತು, ಅಂದರೆ ಹೊಸಬನಾಗಿ ಸೇರಿಕೊಂಡು. ಹೊಸಬನನ್ನು ತೆಗೆದುಕೊಂಡು ತಿದ್ದಿ ತೀಡಿ ಕ್ಯಾಪ್ಟನ್ ಮಾಡುವ ಖರ್ಚು ಪಕ್ಕದ ಕಂಪನಿ ಮಾಡಲಿ, ಮಾಡಿದ ಮೇಲೆ ನಾವು ಕರೆದುಕೊಳ್ಳೋಣ ಎಂದು ಎಲ್ಲ ಕಂಪನಿಗಳೂ ಕಾಯುತ್ತವೆ. ಪಕ್ಕದ ಕಂಪನಿಗೆ ಇವರೇ ಪಕ್ಕದ ಕಂಪನಿ. ನಡುನಡುವೆ ಯಾವುದಾದರೊಂದು ಏರ್‌ಲೈನ್ ಬಾಗಿಲು ಹಾಕಿಕೊಂಡು ಉಪಕಾರ ಮಾಡುತ್ತದೆ. 2012ರಲ್ಲಿ ಕಿಂಗ್‌ಫಿಷರ್, 2019ರಲ್ಲಿ ಜೆಟ್ ಏರ್‌ವೇಸ್, 2023ರ ಮೇನಲ್ಲಿ ಗೋ ಫಸ್ಟ್. ಆಗ ತಯಾರಾದ ಪೈಲಟ್‌ಗಳು ರಾಶಿ ರಾಶಿ ಮಾರುಕಟ್ಟೆಗೆ ಬೀಳುತ್ತಾರೆ, ಸರತಿಯಲ್ಲಿ ನಿಂತ ಹೊಸಬ ಇನ್ನೂ ಹಿಂದೆ ಸರಿಯುತ್ತಾನೆ. ಅದೂ ಸಾಲದಿದ್ದರೆ ಹೊರದೇಶದ ಕ್ಯಾಪ್ಟನ್‌ಗಳನ್ನು ತಾತ್ಕಾಲಿಕ ಪರವಾನಗಿಯ ಮೇಲೆ ಕರೆಸಬಹುದು. ಆತ್ಮನಿರ್ಭರತೆ ರನ್‌ವೇ ತನಕ ಮಾತ್ರ.

ಹಾಗಂತ ಸಂದರ್ಶನಕ್ಕೆ ಕರೆಯುವುದೇ ಇಲ್ಲ ಅಂದುಕೊಳ್ಳಬೇಡಿ. ಒಂದು ಕಂಪನಿ ಕರೆಯಿತು. ಮೊದಲು ಲಿಖಿತ ಪರೀಕ್ಷೆ. ಆಮೇಲೆ ಕಂಪ್ಯೂಟರ್ ಮುಂದೆ ಕೂರಿಸಿ, ಒಂದು ಕೈಯಲ್ಲಿ ಜಾಯ್‌ಸ್ಟಿಕ್ ತಿರುಗಿಸುತ್ತ, ಇನ್ನೊಂದು ಕೈಯಲ್ಲಿ ಗುಂಡಿ ಒತ್ತುತ್ತ, ಕಿವಿಗೆ ಬೀಳುವ ಅಂಕಿಗಳನ್ನು ಕೂಡಿಸಿ ಹೇಳು ಅಂದರು. ಇದು ನಮ್ಮ ಅತ್ತಿಗೆ ದಿನಾ ಬೆಳಿಗ್ಗೆ ಎಂಟು ಗಂಟೆಗೆ ಮಾಡುವ ಕೆಲಸವೇ, ಆದರೆ ಅವರಿಗೆ ಕ್ಲಾಸ್ ಒನ್ ಮೆಡಿಕಲ್ ಆಗಿಲ್ಲ. ನಂತರ ಗ್ರೂಪ್ ಡಿಸ್ಕಶನ್, ವಿಷಯ ‘ನಾಯಕತ್ವ’. ಎಂಟು ಹುಡುಗರೂ ಏಕಕಾಲಕ್ಕೆ ನಾಯಕರಾದ್ದರಿಂದ ಯಾರು ಏನು ಹೇಳಿದರು ಅನ್ನುವುದು ಕಾಕ್‌ಪಿಟ್ ವಾಯ್ಸ್ ರೆಕಾರ್ಡರ್ ಇದ್ದಿದ್ದರೂ ಗೊತ್ತಾಗುತ್ತಿರಲಿಲ್ಲ. ಕೊನೆಗೆ ಮುಖಾಮುಖಿ.

‘ಎಂಟು ತಿಂಗಳಿಂದ ನೀವು ಹಾರಿಯೇ ಇಲ್ಲವಲ್ಲ, ಯಾಕೆ?’

‘ಕೆಲಸ ಸಿಕ್ಕಿಲ್ಲ ಸರ್.’

‘ಅಭ್ಯಾಸ ತಪ್ಪಿದವರನ್ನು ನಾವು ಹೇಗೆ ತಗೊಳ್ಳೋದು?’

‘ನೀವು ತಗೊಂಡರೆ ಅಭ್ಯಾಸ ಆಗುತ್ತೆ ಸರ್.’

‘ತುಂಬಾ ಆತ್ಮವಿಶ್ವಾಸ ಇದೆ ನಿಮಗೆ’ ಅಂತ ಬರೆದುಕೊಂಡರು. ಅದು ಹೊಗಳಿಕೆಯೋ ಕಾರಣವೋ ಇನ್ನೂ ತಿಳಿದಿಲ್ಲ.

ಅಭ್ಯಾಸ ತಪ್ಪದಂತೆ ನೋಡಿಕೊಳ್ಳುವುದಕ್ಕೂ ವ್ಯವಸ್ಥೆ ಇದೆ. ಹೊರಗೆ ಏನೂ ಕಾಣದಿದ್ದಾಗ ಉಪಕರಣಗಳನ್ನೇ ನೋಡಿಕೊಂಡು ಹಾರಿಸುವ ಅರ್ಹತೆಗೆ ಇನ್‌ಸ್ಟ್ರುಮೆಂಟ್ ರೇಟಿಂಗ್ ಅನ್ನುತ್ತಾರೆ, ಅದರ ಆಯಸ್ಸು ಒಂದು ವರ್ಷ. ಪ್ರತಿವರ್ಷ ಎರಡೆಂಜಿನ್ನಿನ ವಿಮಾನ ಬಾಡಿಗೆಗೆ ಹಿಡಿದು, ಪರೀಕ್ಷಕರನ್ನು ಪಕ್ಕ ಕೂರಿಸಿಕೊಂಡು ಹಾರಿ ನವೀಕರಿಸಬೇಕು. ಮೆಡಿಕಲ್ಲೂ ವರ್ಷ ವರ್ಷ. ಹೀಗಾಗಿ ಕೆಲಸವಿಲ್ಲದ ಪೈಲಟ್ ವರ್ಷಕ್ಕೊಮ್ಮೆ ಲಕ್ಷಗಟ್ಟಲೆ ಖರ್ಚು ಮಾಡಿ, ನಾನು ಕೆಲಸವಿಲ್ಲದಿರಲು ಈಗಲೂ ಅರ್ಹನಾಗಿದ್ದೇನೆ ಅಂತ ಸಾಬೀತು ಮಾಡುತ್ತಿರುತ್ತಾನೆ.

ನೆಂಟರಿಷ್ಟರು ಸುಮ್ಮನೆ ಕೂತಿಲ್ಲ. ದೊಡ್ಡಮ್ಮ ಒಂದು ದಿನ ಹುಡುಗನನ್ನು ಕೂರಿಸಿಕೊಂಡು, ‘ತಮಾ, ಶಿವಮೊಗ್ಗಕ್ಕೂ ವಿಮಾನ ಬಂತಲ, ಅಲ್ಲೇ ಹಾಕಿಸಿಕೊ. ಮಧ್ಯಾಹ್ನ ಊಟಕ್ಕೆ ಮನೆಗೆ ಬಪ್ಪಲಾಗ್ತು’ ಅಂದರು. ಚಿಕ್ಕಪ್ಪನಿಗೆ ಎಂಎಲ್ಎ ಲೆಟರಿನ ಮೇಲೆ ನಂಬಿಕೆ. ಲೆಟರೂ ಆಯಿತು. ‘ಇವರು ನಮ್ಮ ಕ್ಷೇತ್ರದವರಾಗಿದ್ದು, ಸದರಿಯವರಿಗೆ ಒಂದು ವಿಮಾನ ಒದಗಿಸಿಕೊಡುವುದು’ ಅಂತ ಲೆಟರ್‌ಹೆಡ್‌ನಲ್ಲಿ ಬರೆಸಿ ತಂದಿದ್ದಾರೆ. ಕೊಳವೆಬಾವಿಯ ಪತ್ರದಲ್ಲಿ ಒಂದು ಪದ ಬದಲಾಗಿದೆ ಅಷ್ಟೆ.

ಇನ್ನು ಒಳಗೆ ಹೋದವರ ಕಥೆ. ಅವರಿಗೆ ಹೊರಗೆ ಬರುವುದು ಕಷ್ಟ. 2017ರಲ್ಲಿ ಡಿಜಿಸಿಎ ಮಾಡಿದ ನಿಯಮದಂತೆ ಕ್ಯಾಪ್ಟನ್ ಕೆಲಸ ಬಿಡಬೇಕಾದರೆ ಒಂದು ವರ್ಷದ ನೋಟಿಸ್, ಬಲಗಡೆ ಸೀಟಿನ ಫಸ್ಟ್ ಆಫೀಸರ್‌ಗೆ ಆರು ತಿಂಗಳು. ಮಂತ್ರಿ ಮಂಡಲದಿಂದ ಹೊರಬೀಳಲೂ ಇಷ್ಟು ಹೊತ್ತು ಬೇಕಿಲ್ಲ. 2023ರಲ್ಲಿ ಆಕಾಸಾ ಏರ್‌ನ 43 ಪೈಲಟ್‌ಗಳು ನೋಟಿಸ್ ಅವಧಿ ಮುಗಿಸದೆ ಹೊರಟುಹೋದಾಗ, ಕಂಪನಿ ಹೈಕೋರ್ಟಿಗೆ ಹೋಗಿ ನಾವು ಸಂಕಟದಲ್ಲಿದ್ದೇವೆ ಎಂದಿತು. ಸಂಕಟ ನಿಜವೇ ಇರಬೇಕು. ಆದರೆ 43 ಜನ ಹೋದರೆ ನಡುಗುವ ಉದ್ಯಮ, ಹೊರಗೆ ಫೈಲು ಹಿಡಿದು ನಿಂತ ನೂರಾರು ಜನರನ್ನು ಕಂಡರೆ ಮಾತ್ರ ನಡುಗುವುದಿಲ್ಲ.

2025ರ ಡಿಸೆಂಬರಿನಲ್ಲಿ ಈ ಎಲ್ಲ ಜಾಣತನಕ್ಕೂ ಒಟ್ಟಿಗೆ ಫಲ ಬಂತು. ಪೈಲಟ್‌ಗಳು ದಣಿಯುತ್ತಿದ್ದಾರೆ, ವಾರದ ವಿಶ್ರಾಂತಿ 36 ಗಂಟೆಯಿಂದ 48 ಆಗಲಿ, ರಾತ್ರಿ ಹೊತ್ತು ವಿಮಾನ ಇಳಿಸುವುದು ಆರು ಸಲದಿಂದ ಎರಡು ಸಲಕ್ಕೆ ಇಳಿಯಲಿ ಎಂದು ನಿಯಮ ಬಂದದ್ದು 2024ರ ಜನವರಿಯಲ್ಲಿ. ಪೂರ್ತಿ ಜಾರಿಯಾದದ್ದು 2025ರ ನವೆಂಬರ್ 1ಕ್ಕೆ. ನಡುವೆ ಸುಮಾರು ಎರಡು ವರ್ಷ. ಅಷ್ಟರಲ್ಲಿ ನಮ್ಮ ಹುಡುಗನಂಥವರನ್ನು ಕರೆದು ಬಲಗಡೆ ಸೀಟು ತುಂಬಿಸಬಹುದಿತ್ತು, ಬಲಗಡೆಯವರನ್ನು ಎಡಕ್ಕೆ ಸರಿಸಬಹುದಿತ್ತು. ದೇಶದ ಅತಿದೊಡ್ಡ ಏರ್‌ಲೈನ್ ಇಂಡಿಗೋಗೆ ಅದು ನೆನಪಾದದ್ದು ಸಾವಿರಾರು ವಿಮಾನ ರದ್ದಾದ ಮೇಲೆ. ಹುಬ್ಬಳ್ಳಿಯಲ್ಲಿ ಒಂದು ಆರತಕ್ಷತೆಗೆ ಮದುಮಕ್ಕಳೇ ತಲುಪದೆ, ಅವರು ಪರದೆಯ ಮೇಲೆ ಕಾಣಿಸಿಕೊಂಡರು, ಅವರ ಕುರ್ಚಿಯಲ್ಲಿ ಅಪ್ಪ ಅಮ್ಮ ಕೂತು ಮುಯ್ಯಿ ತೆಗೆದುಕೊಂಡರಂತೆ. ಸರ್ಕಾರ ಕೂಡಲೇ ಎಚ್ಚೆತ್ತಿತು. ಪೈಲಟ್‌ಗಳು ಸಾಲದೆ ಬಂದರೆ ಏನು ಮಾಡಬೇಕು? ಇರುವವರ ರಾತ್ರಿ ಪಾಳಿಯ ಮಿತಿಯನ್ನು ಸಡಿಲಿಸಬೇಕು. ಫೆಬ್ರುವರಿ ತನಕ ರಿಯಾಯಿತಿ ಕೊಟ್ಟಿತು.

ಆ ವಾರ ಹುಡುಗ ಮನೆಯಲ್ಲೇ ಇದ್ದ. ಟೀವಿಯಲ್ಲಿ ‘ಪೈಲಟ್‌ಗಳಿಲ್ಲದೆ ಪರದಾಟ’ ಅಂತ ಕೆಂಪಕ್ಷರ ಓಡುತ್ತಿತ್ತು. ಅಪ್ಪಯ್ಯ ಟೀವಿಯನ್ನೊಮ್ಮೆ ನೋಡಿದರು, ಸೋಫಾದ ಮೇಲೆ ಮಲಗಿದ್ದ ಪೈಲಟ್ಟನ್ನೊಮ್ಮೆ ನೋಡಿದರು. ಏನೂ ಅನ್ನಲಿಲ್ಲ. ಅಡಿಕೆ ಸುಲಿಯುವವರು ಬಂದಿಲ್ಲ, ನೀನೇ ನಾಲ್ಕು ಬುಟ್ಟಿ ಸುಲಿ ಅಂದರು.

ಕೊನೆಗೂ ಅವನಿಗೆ ಕೆಲಸ ಸಿಕ್ಕಿತು ಅನ್ನುವುದು ಸಂತೋಷದ ಸುದ್ದಿ. ಬೆಂಗಳೂರಿನಲ್ಲಿ, ಪೈಲಟ್ ಆಗಬಯಸುವವರಿಗೆ ಡಿಜಿಸಿಎ ಪರೀಕ್ಷೆ ಪಾಠ ಹೇಳುವ ಕೋಚಿಂಗ್ ಸೆಂಟರಿನಲ್ಲಿ. ಮೀಟಿಯರಾಲಜಿ ಕಲಿಸುತ್ತಾನೆ, ಚೆನ್ನಾಗಿಯೇ ಕಲಿಸುತ್ತಾನಂತೆ. ಸಂಬಳ ಇನ್‌ಸ್ಟ್ರುಮೆಂಟ್ ರೇಟಿಂಗ್ ನವೀಕರಣಕ್ಕೆ ಸರಿಹೋಗುತ್ತದೆ. ಸೆಂಟರಿನ ಮುಂದಿನ ಫ್ಲೆಕ್ಸ್‌ನಲ್ಲಿ ಅವನ ಫೋಟೋ ಇದೆ, ಬಿಳಿ ಅಂಗಿ, ಕಪ್ಪು ಕನ್ನಡಕ, ಭುಜದ ಮೇಲೆ ಕ್ಯಾಪ್ಟನ್ನಿನ ನಾಲ್ಕು ಪಟ್ಟಿ. ಫ್ಲೆಕ್ಸ್ ಅಂಗಡಿಯವನು ಟೈಪ್ ರೇಟಿಂಗ್ ಕೇಳದೆ ಪ್ರಮೋಶನ್ ಕೊಟ್ಟಿದ್ದಾನೆ. ಮೊದಲ ಬ್ಯಾಚು ಭರ್ತಿಯಾಗಿದೆ, ಎರಡನೆಯದಕ್ಕೆ ದಾಖಲಾತಿ ನಡೆಯುತ್ತಿದೆ. ಮುಂಗಡ ಪೂರ್ತಿ ಕಟ್ಟಿದವರಿಗೆ ಫೀಜಿನಲ್ಲಿ ನೂರಕ್ಕೆ ಹತ್ತು ರಿಯಾಯಿತಿ. ಅಡಿಕೆ ತೋಟ ಇರುವವರಿಗೆ ಇನ್ನೂ ಐದು.