ಪೌರತ್ವಕ್ಕೂ ಪರೀಕ್ಷೆ ಬೇಕಾ?

ಬೇರೆ ದೇಶದಿಂದ ಬಂದು ನೆಲೆಸಿದವರಿಗೆ ಪೌರತ್ವ ಕೊಡುವ ಮೊದಲು, ಆ ನೆಲದ ಭಾಷೆ ಮತ್ತು ರೀತಿನೀತಿ ಗೊತ್ತಿದೆಯೇ ಎಂದು ಪರೀಕ್ಷೆ ಮಾಡಬೇಕೇ? ಇಬ್ಬರು ಇಲ್ಲಿ ಬರೆದಿದ್ದಾರೆ.

ಪರ: ಮಾತು ಬಂದರೆ ತಾನೇ ಮಾತಾಡಲು ಆಗುವುದು

ನಾನು ಆರು ವರ್ಷ ಸಂಜೆ ತರಗತಿಯಲ್ಲಿ ಭಾಷೆ ಕಲಿಸಿದ್ದೇನೆ. ನನ್ನ ಮುಂದೆ ಕೂರುತ್ತಿದ್ದವರು ಮಕ್ಕಳಲ್ಲ. ದಿನವಿಡೀ ದುಡಿದು ಸುಸ್ತಾಗಿ ಬರುವ ದೊಡ್ಡವರು. ಎಲ್ಲೆಲ್ಲಿಂದಲೋ ಬಂದು ಹೊಸ ದೇಶದಲ್ಲಿ ಮನೆ ಮಾಡಿಕೊಂಡವರು. ಹಾಗಾಗಿ ಈ ಪ್ರಶ್ನೆ ಕೇಳಿದಾಗ ನಾನು ಜಾಸ್ತಿ ಯೋಚಿಸಲಿಲ್ಲ. ಪರೀಕ್ಷೆ ಬೇಕು. ಯಾಕೆ ಎಂದು ಹೇಳಲು ಒಬ್ಬರ ವಿಷಯ ಹೇಳಬೇಕು.

ಆಕೆಗೆ ನಲವತ್ತು ದಾಟಿತ್ತು. ಆ ದೇಶಕ್ಕೆ ಬಂದು ಹನ್ನೊಂದು ವರ್ಷವಾಗಿತ್ತು. ಮೊದಲ ದಿನ ತರಗತಿಗೆ ಹತ್ತು ವರ್ಷದ ಮಗನನ್ನು ಜೊತೆಗೆ ಕರೆದುಕೊಂಡು ಬಂದರು. ನಾನು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಿದ್ದು ಆ ಹುಡುಗನೇ. ಅಮ್ಮನ ಹೆಸರೇನು, ಎಲ್ಲಿದ್ದಾರೆ, ಎಷ್ಟು ಓದಿದ್ದಾರೆ, ಎಲ್ಲವನ್ನೂ ಅವನೇ ಹೇಳಿದ. ಸ್ವಲ್ಪ ದಿನ ಕಳೆದ ಮೇಲೆ ಗೊತ್ತಾಯಿತು, ಡಾಕ್ಟರ ಹತ್ತಿರ ಹೋದಾಗಲೂ ಅವನೇ ಮಾತಾಡುತ್ತಿದ್ದ ಎಂದು. ಅಮ್ಮನ ಗರ್ಭಕೋಶದ ತೊಂದರೆಯನ್ನು ಹತ್ತು ವರ್ಷದ ಮಗ ಡಾಕ್ಟರಿಗೆ ವಿವರಿಸಿದ್ದ. ಇದನ್ನು ಹೇಳುವಾಗ ಆಕೆ ನನ್ನ ಮುಖ ನೋಡಲಿಲ್ಲ. ಮೇಜಿನ ಮೇಲಿದ್ದ ಪೆನ್ಸಿಲನ್ನು ಬೆರಳಲ್ಲಿ ಆ ಕಡೆ ಈ ಕಡೆ ಉರುಳಿಸುತ್ತಾ ಕೂತಿದ್ದರು.

ಇಷ್ಟು ವರ್ಷ ಯಾಕೆ ಕಲಿಯಲಿಲ್ಲ ಎಂದು ಕೇಳಿದೆ. ಮನೆಯವರು ಕಳಿಸಲಿಲ್ಲ ಎಂದರು. "ನಿನಗ್ಯಾಕೆ ಅದೆಲ್ಲ, ನಾನಿದ್ದೀನಲ್ಲ" ಅನ್ನುತ್ತಿದ್ದರಂತೆ. ಮತ್ತೆ ಈಗ ಹೇಗೆ ಕಳಿಸಿದರು? ಪೌರತ್ವಕ್ಕೆ ಅರ್ಜಿ ಹಾಕಬೇಕಿತ್ತು. ಭಾಷಾ ಪರೀಕ್ಷೆ ಪಾಸಾಗದಿದ್ದರೆ ಅರ್ಜಿ ಮುಂದೆ ಹೋಗುವುದಿಲ್ಲ. ಅದಕ್ಕೆ ಕಳಿಸಿದರು.

ಪರೀಕ್ಷೆ ಅಂದರೆ ಮುಚ್ಚಿದ ಬಾಗಿಲು ಎಂದು ಹೇಳುವವರಿಗೆ ನಾನು ಹೇಳುವುದು ಇಷ್ಟೇ. ಆ ಮನೆಯ ಬಾಗಿಲು ಹನ್ನೊಂದು ವರ್ಷ ಮುಚ್ಚಿಯೇ ಇತ್ತು. ಪರೀಕ್ಷೆ ಅದನ್ನು ತೆಗೆಯಿತು.

ಪ್ರಜಾಪ್ರಭುತ್ವ ಅಂದರೆ ನಾಲ್ಕೈದು ವರ್ಷಕ್ಕೊಮ್ಮೆ ಹೋಗಿ ವೋಟು ಹಾಕಿ ಬರುವುದಷ್ಟೇ ಅಲ್ಲ. ಉಳಿದ ದಿನಗಳಲ್ಲೂ ಅದು ನಡೆಯುತ್ತಿರುತ್ತದೆ. ಅರ್ಜಿ ಬರೆಯುವುದು, ದೂರು ಕೊಡುವುದು, ಸಭೆಯಲ್ಲಿ ಎದ್ದು ನಿಂತು ಕೇಳುವುದು, ಪಕ್ಕದ ಮನೆಯವರ ಜೊತೆ ವಾದ ಮಾಡುವುದು, ಇವೆಲ್ಲ ಸೇರಿ ಪ್ರಜಾಪ್ರಭುತ್ವ. ಇದೆಲ್ಲ ನಡೆಯುವುದು ಮಾತಿನಲ್ಲಿ. ಮಾತು ಬಾರದವರ ಪರವಾಗಿ ಬೇರೆ ಯಾರೋ ಮಾತಾಡುತ್ತಾರೆ. ಗಂಡ ಮಾತಾಡುತ್ತಾನೆ, ಮಗ ಮಾತಾಡುತ್ತಾನೆ, ಸಮುದಾಯದ ಮುಖಂಡ ಮಾತಾಡುತ್ತಾನೆ. "ನಮ್ಮವರ ವೋಟು ಇಷ್ಟಿದೆ" ಎಂದು ಪಕ್ಷಗಳ ಜೊತೆ ಲೆಕ್ಕ ಹಾಕುವವನೂ ಅವನೇ. ಅವರು ಹೆಸರಿಗೆ ಮಾತ್ರ ಪ್ರಜೆಗಳು, ಅಲ್ವಾ?

ಒಂದೇ ದೇಶದಲ್ಲಿದ್ದು ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಬೀಳದಿದ್ದರೆ ಏನಾಗುತ್ತದೆ? ಬೆಲ್ಜಿಯಂ ನೋಡಿ. ಅಲ್ಲಿ ಡಚ್ ಮಾತಾಡುವವರ ಪಕ್ಷಗಳೇ ಬೇರೆ, ಫ್ರೆಂಚ್ ಮಾತಾಡುವವರ ಪಕ್ಷಗಳೇ ಬೇರೆ. ಪತ್ರಿಕೆ, ಟಿವಿ ಎಲ್ಲ ಬೇರೆ ಬೇರೆ. 2010ರ ಚುನಾವಣೆಯ ನಂತರ ಹೊಸ ಸರ್ಕಾರ ರಚಿಸಲು ಅವರಿಗೆ 541 ದಿನ ಬೇಕಾಯಿತು.

ಇನ್ನು ಪರೀಕ್ಷೆ ಎಷ್ಟು ಕಷ್ಟ ಎಂದು ನೋಡೋಣ. ಕೇಳಿದವರು ಸುಮ್ನೆ ಹೆದರುತ್ತಾರೆ. ಜರ್ಮನಿಯಲ್ಲಿ 2008ರಿಂದ ಪೌರತ್ವ ಪರೀಕ್ಷೆ ಇದೆ. 310 ಪ್ರಶ್ನೆಗಳ ಪಟ್ಟಿಯನ್ನು ಮೊದಲೇ ಪ್ರಕಟಿಸಿದ್ದಾರೆ. ಅದರಲ್ಲಿ 33 ಕೇಳುತ್ತಾರೆ, 17 ಸರಿಯಾದರೆ ಸಾಕು. ಫೇಲಾದರೆ ಮತ್ತೆ ಬರೆಯಬಹುದು. ಕೆನಡಾದಲ್ಲಿ 20 ಪ್ರಶ್ನೆಗೆ 15 ಸರಿ ಇರಬೇಕು. ಅದೂ 18ರಿಂದ 54 ವರ್ಷದವರಿಗೆ ಮಾತ್ರ. ಅಂದರೆ ವಯಸ್ಸಾದವರಿಗೆ ಈ ಕಾಟವೇ ಇಲ್ಲ. ಭಾರತದ 1955ರ ಪೌರತ್ವ ಕಾಯ್ದೆಯಲ್ಲೂ ಭಾಷೆಯ ಷರತ್ತಿದೆ. ಬಹಳ ವರ್ಷ ನೆಲೆಸಿ ಪೌರತ್ವ ಕೇಳುವವರಿಗೆ ಸಂವಿಧಾನದ ಎಂಟನೇ ಅನುಸೂಚಿಯ ಒಂದು ಭಾಷೆ ಸಾಕಷ್ಟು ಬರಬೇಕು. ಅನುಸೂಚಿಯಲ್ಲಿ ಈಗ 22 ಭಾಷೆಗಳಿವೆ. ಅದರಲ್ಲಿ ಯಾವುದಾದರೂ ಒಂದು. ಇದು ಅತಿಯಾಯಿತು ಎಂದು ಯಾರಾದರೂ ಹೇಳಲು ಆಗುತ್ತದಾ?

ಸಂಸ್ಕೃತಿ ಎಂಬ ಮಾತು ಕೇಳಿದ ಕೂಡಲೇ ಕೆಲವರು ಗಾಬರಿಯಾಗುತ್ತಾರೆ. ಬಟ್ಟೆ, ಹಾಡು, ಹಬ್ಬ ಎಲ್ಲವನ್ನೂ ಬದಲಾಯಿಸಿಕೊಳ್ಳಿ ಎಂದು ನಾನು ಕೇಳುತ್ತಿಲ್ಲ. ನಾನು ಹೇಳುವ ಸಂಸ್ಕೃತಿ ಬೇರೆ. ಆಳುವವರನ್ನು ಹೆದರದೆ ಟೀಕಿಸಬಹುದು ಎಂದು ಗೊತ್ತಿರುವುದು ಒಂದು ಸಂಸ್ಕೃತಿ. ಮಗಳಿಗೂ ಮಗನಷ್ಟೇ ಹಕ್ಕಿದೆ ಎಂದು ಒಪ್ಪುವುದು ಒಂದು ಸಂಸ್ಕೃತಿ. ಚುನಾವಣೆಯಲ್ಲಿ ಸೋತವರು ಕುರ್ಚಿ ಬಿಟ್ಟು ಮನೆಗೆ ಹೋಗುತ್ತಾರಲ್ಲ, ಅದೂ ಸಂಸ್ಕೃತಿಯೇ. ಯಾವ ಕಾನೂನು ಪುಸ್ತಕವೂ ಇದನ್ನು ಒಂಟಿಯಾಗಿ ಕಾಪಾಡಲಾರದು. ಜನರ ಅಭ್ಯಾಸದಲ್ಲಿ ಇರಬೇಕು. ಅಭ್ಯಾಸ ಆಗಬೇಕಾದರೆ ಯಾರಾದರೂ ಹೇಳಿಕೊಡಬೇಕು.

ಈ ಪರೀಕ್ಷೆಗಳು ಹಿಂದೆ ದುರುಪಯೋಗವಾಗಿವೆ ಎಂದು ಎದುರು ಬದಿಯವರು ಹಳೆಯ ಅನ್ಯಾಯಗಳ ಪಟ್ಟಿ ಓದುತ್ತಾರೆ. ಆಗಿವೆ, ನಿಜ. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುತ್ತೇವಾ? ಹುಟ್ಟಿನಿಂದಲೇ ಪ್ರಜೆಗಳಾದವರಿಗೆ ಪರೀಕ್ಷೆ ಇಲ್ಲವಲ್ಲ ಎಂದೂ ಕೇಳುತ್ತಾರೆ. ಅವರು ಹತ್ತು ಹನ್ನೆರಡು ವರ್ಷ ಶಾಲೆಯಲ್ಲಿ ಇದನ್ನೇ ಓದಿ ಬಂದಿರುತ್ತಾರೆ. ಹೊಸದಾಗಿ ಬಂದವರಿಗೆ ಆ ಶಾಲೆ ಸಿಕ್ಕಿರುವುದಿಲ್ಲ. ಅದನ್ನು ಕೊಡಿ ಎಂದು ನಾನು ಕೇಳುತ್ತಿದ್ದೇನೆ. ಪರೀಕ್ಷೆ ಇಡುವ ಸರ್ಕಾರ ತರಗತಿಯನ್ನೂ ಇಡಬೇಕು, ದುಡ್ಡು ತೆಗೆದುಕೊಳ್ಳಬಾರದು, ಕೆಲಸ ಮುಗಿಸಿ ಬರುವವರ ಹೊತ್ತಿಗೆ ಹೊಂದಬೇಕು, ಮಗು ಎತ್ತಿಕೊಂಡು ಬಂದವರನ್ನು ಬಾಗಿಲಲ್ಲಿ ನಿಲ್ಲಿಸಬಾರದು. ಇದರಲ್ಲಿ ರಾಜಿ ಇಲ್ಲ.

ಆಕೆಯ ವಿಷಯ ಇನ್ನೂ ಮುಗಿದಿಲ್ಲ. ಒಂದೂವರೆ ವರ್ಷದ ನಂತರ ಅಲ್ಲಿನ ಗ್ರಂಥಾಲಯವನ್ನು ಮುಚ್ಚುವ ಮಾತು ಬಂತು. ಜನರ ಅಭಿಪ್ರಾಯ ಕೇಳಲು ಸಭೆ ಕರೆದಿದ್ದರು. ನಾನೂ ಹೋಗಿದ್ದೆ. ಆಕೆ ಮೂರನೇ ಸಾಲಿನಲ್ಲಿ ಕೂತಿದ್ದರು. ಕೈಯಲ್ಲಿ ಒಂದು ಚೀಟಿ. ಎಷ್ಟು ಸಲ ಮಡಚಿ ಬಿಚ್ಚಿದ್ದರೋ, ಮಡಿಕೆಯ ಗೆರೆಯಲ್ಲಿ ಅಕ್ಷರ ಅಳಿಸಿಹೋಗಿತ್ತು. ಎದ್ದು ನಿಂತರು. ಮೂರೇ ವಾಕ್ಯ. "ನನ್ನ ಮಗಳು ಅಲ್ಲಿ ಓದುತ್ತಾಳೆ. ನಮ್ಮ ಮನೆಯಲ್ಲಿ ಜಾಗ ಇಲ್ಲ. ಅವಳು ಎಲ್ಲಿ ಓದಬೇಕು?" ಎರಡನೇ ವಾಕ್ಯದಲ್ಲಿ ಕ್ರಿಯಾಪದ ತಪ್ಪಾಯಿತು. ಯಾರೂ ನಗಲಿಲ್ಲ. ವೇದಿಕೆಯ ಮೇಲಿದ್ದವರು ಬರೆದುಕೊಂಡು ಹೆಸರು ಕೇಳಿದರು. ಅವರ ಹೆಸರು ಅಲ್ಲಿನವರಿಗೆ ಹೊಸದು. ಒಂದೊಂದೇ ಅಕ್ಷರ ಬಿಡಿಸಿ ಹೇಳಿದರು. ಮಗ ಪಕ್ಕದಲ್ಲೇ ಕೂತಿದ್ದ. ಬಾಯಿ ತೆರೆಯಲಿಲ್ಲ.

ವಿರೋಧ: ಪ್ರಶ್ನೆಪತ್ರಿಕೆ ಯಾರ ಕೈಯಲ್ಲಿದೆ?

ವಿರೋಧದ ಬದಿ ಬರೆಯಿರಿ ಎಂದು ನನಗೆ ಹೇಳಿದ್ದಾರೆ, ಬರೆಯುತ್ತಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಬಂದ ನೆಲದ ಭಾಷೆ ಕಲಿಯಬೇಕು ಎಂಬುದರಲ್ಲಿ ನನಗೆ ತಕರಾರಿಲ್ಲ. ಕಲಿಸುವವರ ಬಗ್ಗೆ ಗೌರವವಿದೆ. ಆದರೆ ಕಲಿಯಿರಿ ಅನ್ನುವುದು ಬೇರೆ, ಕಲಿಯದಿದ್ದರೆ ನಿಮಗೆ ಹಕ್ಕಿಲ್ಲ ಅನ್ನುವುದು ಬೇರೆ.

ಪರೀಕ್ಷೆ ಇಡುವವರು ಯಾರನ್ನು ಒಳಗೆ ಬಿಡಬೇಕು ಎಂದು ಮೊದಲೇ ತೀರ್ಮಾನಿಸಿರುತ್ತಾರೆ. ಆಮೇಲೆ ಅದಕ್ಕೆ ತಕ್ಕ ಪ್ರಶ್ನೆ ಹುಡುಕುತ್ತಾರೆ. ಆಸ್ಟ್ರೇಲಿಯಾದಲ್ಲಿ 1901ರಲ್ಲಿ ಉಕ್ತಲೇಖನದ ಪರೀಕ್ಷೆ ತಂದರು. ಬಂದವರಿಗೆ ಯುರೋಪಿನ ಯಾವುದೋ ಒಂದು ಭಾಷೆಯಲ್ಲಿ 50 ಪದ ಹೇಳಿ ಬರೆಸುತ್ತಿದ್ದರು. ಯಾವ ಭಾಷೆ ಎಂದು ಆರಿಸುವವನು ಅಧಿಕಾರಿ. ಬಿಳಿಯರಲ್ಲದವರನ್ನು ತಡೆಯಲು ಇಷ್ಟು ಸಾಕಾಗಿತ್ತು. 1934ರಲ್ಲಿ ಎಗಾನ್ ಕಿಶ್ ಎಂಬ ಪತ್ರಕರ್ತ ಬಂದರು. ಯುದ್ಧದ ವಿರುದ್ಧ ಭಾಷಣ ಮಾಡಲು ಬಂದಿದ್ದ ಅವರನ್ನು ಸರ್ಕಾರಕ್ಕೆ ಒಳಗೆ ಬಿಡಲು ಇಷ್ಟವಿರಲಿಲ್ಲ. ಅವರಿಗೆ ಯುರೋಪಿನ ಹಲವು ಭಾಷೆಗಳು ಬರುತ್ತಿದ್ದವು. ಹಾಗಾಗಿ ಸ್ಕಾಟ್ಲೆಂಡಿನ ಗೇಲಿಕ್ ಭಾಷೆಯಲ್ಲಿ ಪರೀಕ್ಷೆ ಕೊಟ್ಟು ಫೇಲು ಮಾಡಿದರು. ಕೋರ್ಟು ಅದನ್ನು ಒಪ್ಪಲಿಲ್ಲ. ಆದರೂ ಆ ಪರೀಕ್ಷೆ ರದ್ದಾಗಿದ್ದು 1958ರಲ್ಲಿ.

ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ವೋಟು ಹಾಕಲು ಓದು ಬರಹದ ಪರೀಕ್ಷೆ ಇತ್ತು. ಕಪ್ಪು ಜನರನ್ನು ಮತಗಟ್ಟೆಯಿಂದ ದೂರ ಇಡುವುದಕ್ಕೆ ಅದನ್ನು ಬಳಸಿದರು. ಕೆಲವು ಕಡೆ ಅಜ್ಜ ವೋಟು ಹಾಕಿದ್ದರೆ ಮೊಮ್ಮಗನಿಗೆ ಪರೀಕ್ಷೆ ಮಾಫಿ. ಗುಲಾಮನಾಗಿದ್ದ ಅಜ್ಜ ಎಲ್ಲಿಂದ ವೋಟು ಹಾಕಿರಬೇಕು? ಅಜ್ಜನ ನಿಯಮವನ್ನು 1915ರಲ್ಲಿ ಸುಪ್ರೀಂ ಕೋರ್ಟು ಹೊಡೆದುಹಾಕಿತು. ಆ ರಾಜ್ಯಗಳಲ್ಲಿ ಪರೀಕ್ಷೆ ನಿಲ್ಲಲು 1965ರ ಕಾನೂನೇ ಬರಬೇಕಾಯಿತು.

ಇದನ್ನೆಲ್ಲ ಹಳೆಯ ಕಾಲದ ಕಥೆ ಎಂದು ತಳ್ಳಿಹಾಕಬೇಡಿ. ಸ್ವಿಟ್ಜರ್ಲೆಂಡಿನ ಎಮ್ಮೆನ್ ಪಟ್ಟಣದಲ್ಲಿ 2000ದಲ್ಲಿ ಅರ್ಜಿದಾರರ ವಿವರ ಹಂಚಿ, ಯಾರಿಗೆ ಪೌರತ್ವ ಕೊಡಬೇಕು ಎಂದು ಊರವರಿಂದ ಮತ ಹಾಕಿಸಿದರು. ಇಟಲಿಯವರು ಪಾಸಾದರು. ಹಿಂದಿನ ಯುಗೊಸ್ಲಾವಿಯಾದಿಂದ ಬಂದವರು ಫೇಲಾದರು. ಇಂಥ ಮತದಾನ ಸಂವಿಧಾನಕ್ಕೆ ವಿರುದ್ಧ ಎಂದು 2003ರಲ್ಲಿ ಅಲ್ಲಿನ ಉನ್ನತ ನ್ಯಾಯಾಲಯ ಹೇಳಿತು. ಜರ್ಮನಿಯ ಒಂದು ರಾಜ್ಯದಲ್ಲಿ 2006ರಲ್ಲಿ ಅರ್ಜಿದಾರರನ್ನು ಕೂರಿಸಿಕೊಂಡು, ನಿಮ್ಮ ಮಗ ಸಲಿಂಗಕಾಮಿ ಎಂದು ಗೊತ್ತಾದರೆ ಏನು ಮಾಡುತ್ತೀರಿ ಎಂದು ಕೇಳುವ ಪ್ರಶ್ನಾವಳಿ ಬಂತು. ಅಲ್ಲೇ ಹುಟ್ಟಿದ ಎಷ್ಟು ಅಪ್ಪಂದಿರು ಇದಕ್ಕೆ ಸರ್ಕಾರ ಮೆಚ್ಚುವ ಉತ್ತರ ಕೊಡುತ್ತಿದ್ದರು? ಅವರ ಪೌರತ್ವವನ್ನು ಯಾರೂ ಮುಟ್ಟುವುದಿಲ್ಲ. ನನ್ನ ವಾದದ ತಿರುಳು ಇದೇ. ತಾನು ಪಾಸಾಗಬೇಕಿಲ್ಲದ ಪರೀಕ್ಷೆಯನ್ನು ಇನ್ನೊಬ್ಬರಿಗೆ ಇಡುವುದು ಸಮಾನತೆ ಅಲ್ಲ.

ಡೆನ್ಮಾರ್ಕಿನಲ್ಲಿ 2019ರಿಂದ ಪೌರತ್ವ ಪಡೆಯುವವರು ಸಮಾರಂಭದಲ್ಲಿ ಅಧಿಕಾರಿಯ ಕೈ ಕುಲುಕಲೇಬೇಕು ಎಂದಾಯಿತು. ಮರುವರ್ಷ ಕೊರೊನಾ ಬಂದು ಕೈ ಮುಟ್ಟಬಾರದು ಎಂದಾದಾಗ ಆ ಸಮಾರಂಭಗಳೇ ನಿಂತವು. ಎಲ್ಲ ಷರತ್ತು ಪೂರೈಸಿದ್ದವರೂ ಕಾಯುತ್ತಾ ಕೂರಬೇಕಾಯಿತು. ಸಂಸ್ಕೃತಿಯನ್ನು ನಿಯಮ ಮಾಡಲು ಹೊರಟರೆ ಕೊನೆಗೆ ಕೈಗೆ ಸಿಗುವುದು ಇಂಥದ್ದೇ. ಎಲ್ಲರೂ ಒಂದೇ ಹಾಗೆ ನಿಲ್ಲಬೇಕು, ಒಂದೇ ಹಾಗೆ ನಗಬೇಕು ಎಂದು ಬಯಸುವವರ ಕೈಯಲ್ಲಿ ಅದು ಎಲ್ಲಿಗೆ ಹೋಗಿ ನಿಲ್ಲುತ್ತದೋ.

ಭಾಷೆ ಬೇರೆಯಾದರೆ ದೇಶ ನಡೆಯುವುದಿಲ್ಲ ಎಂಬ ವಾದಕ್ಕೆ ನಾಲ್ಕು ಭಾಷೆಯ ಸ್ವಿಟ್ಜರ್ಲೆಂಡೇ ಉತ್ತರ. ಮೇಲೆ ಅವರನ್ನು ಬೈದಿದ್ದೇನೆ, ಈ ವಿಷಯದಲ್ಲಿ ಒಪ್ಪಲೇಬೇಕು.

ನನಗೆ ನಿಜವಾಗಿ ಮನಸ್ಸಿಗೆ ನಾಟಿರುವುದು ಭಾರತದ ಮೊದಲ ಮಹಾಚುನಾವಣೆ, 1951-52ರದು. ಮತದಾರರು ಸುಮಾರು 17.3 ಕೋಟಿ. ಅವರಲ್ಲಿ ಹೆಚ್ಚಿನವರಿಗೆ ಓದಲು ಬರೆಯಲು ಬರುತ್ತಿರಲಿಲ್ಲ. ಮೊದಲು ಅಕ್ಷರ ಕಲಿಯಿರಿ, ಆಮೇಲೆ ವೋಟು ಎನ್ನುವುದು ಸುಲಭವಿತ್ತು. ಹಾಗೆ ಹೇಳಿದವರೂ ಇದ್ದರು. ಆಗ ದೇಶ ಮತದಾರರನ್ನು ತಿದ್ದಲು ಹೋಗಲಿಲ್ಲ, ಮತಪೆಟ್ಟಿಗೆಯನ್ನು ತಿದ್ದಿತು. ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ, ಅದರ ಮೇಲೆ ಒಂದು ಚಿತ್ರ. ಎತ್ತಿನ ಜೋಡಿ, ಗುಡಿಸಲು, ದೀಪ. ಓದಲು ಬಾರದವರೂ ತಮಗೆ ಬೇಕಾದ ಪೆಟ್ಟಿಗೆಗೆ ಚೀಟಿ ಹಾಕಿ ಬಂದರು.

ಆ ಚುನಾವಣೆಗೆ ಮತದಾರರ ಪಟ್ಟಿ ಮಾಡುವಾಗ ಒಂದು ತೊಡಕು ಬಂತು. ಬಹಳಷ್ಟು ಹೆಂಗಸರು ತಮ್ಮ ಹೆಸರು ಹೇಳಲು ಒಪ್ಪಲಿಲ್ಲ. ಇಂಥವರ ಹೆಂಡತಿ, ಇಂಥವರ ತಾಯಿ ಎಂದೇ ಬರೆಸಿದ್ದರು. ಮೊದಲ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅದನ್ನು ಒಪ್ಪಲಿಲ್ಲ. ಸುಮಾರು 28 ಲಕ್ಷ ಹೆಂಗಸರು ಪಟ್ಟಿಯಿಂದ ಹೊರಗೆ ಉಳಿದರು. ಅಷ್ಟು ಜನರಿಗೆ ವೋಟು ತಪ್ಪಿದ್ದು ನೋವಿನ ವಿಷಯ, ನಿಯಮ ಗಟ್ಟಿಯಾಗಿತ್ತು ಎಂದು ನಾನೂ ಒಪ್ಪುತ್ತೇನೆ. ಆದರೆ ಅವರಿಂದ ಕೇಳಿದ್ದೇನು? ಯಾವ ಭಾಷೆ ಬರುತ್ತದೆ ಎಂದು ಕೇಳಲಿಲ್ಲ. ಕಾನೂನು ಗೊತ್ತೇ ಎಂದು ಕೇಳಲಿಲ್ಲ. ನಿನ್ನ ಹೆಸರೇನಮ್ಮಾ ಎಂದಷ್ಟೇ ಕೇಳಿದರು.