ಸಂಘ ಮೊದಲು ಕಟ್ಟೋಣ, ಜಮೀನು ಆಮೇಲೆ ನೋಡೋಣ

ಕೋಲಾರದಲ್ಲಿ ಒಂದು ಬೌದ್ಧ ಸಂಘ ಕಟ್ಟಬೇಕು, ಧ್ಯಾನ ಮಾಡಬೇಕು, ಮಣ್ಣು ನೀರು ನೋಡಿಕೊಂಡು ಎಚ್ಚರದಿಂದ ಬದುಕಬೇಕು ಅಂತ ನಾವು ಕೆಲವರು ಬಹಳ ದಿನದಿಂದ ಮಾತಾಡುತ್ತಿದ್ದೇವೆ. ಆದರೆ ಎಲ್ಲಿ ಶುರುವಾದರೂ ಮಾತು ಜಮೀನಿಗೇ ಬಂದು ನಿಲ್ಲುತ್ತದೆ. ಬೆಟ್ಟದ ತಪ್ಪಲಲ್ಲಿ ನಾಲ್ಕು ಎಕರೆ, ಸುತ್ತ ತಂತಿಬೇಲಿ, ಒಂದು ಬೋರ್‌ವೆಲ್, ಗೇಟಿನ ಹತ್ತಿರ ಬುದ್ಧನ ವಿಗ್ರಹ. ನನಗೆ ಇದು ಸರಿ ಕಾಣುತ್ತಿಲ್ಲ. ಇಂಥದ್ದು ನಂದಿ ಬೆಟ್ಟದ ಸುತ್ತ ರೆಸಾರ್ಟ್ ಹೆಸರಲ್ಲಿ ಬೇಕಾದಷ್ಟಿವೆ, ಅಲ್ವಾ?

ಮೊದಲು ಬೋರ್‌ವೆಲ್ ವಿಷಯ. ನಮ್ಮ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಸಾವಿರ ಅಡಿ ಕೊರೆಸಿದರೂ ಬರೀ ಧೂಳು ಬಂದ ಕಥೆ ಯಾವ ಊರಲ್ಲಿ ಕೇಳಿದರೂ ಸಿಗುತ್ತದೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧಿ ಮಾಡಿ ನಮ್ಮ ಕೆರೆಗಳಿಗೆ ಬಿಡುತ್ತಿದ್ದಾರೆ, ಎರಡು ಹಂತ ಸಾಕಾ ಅನ್ನುವ ಜಗಳ ಬೇರೆ. ಇಂಥ ಕಡೆ ಹೊಸ ಬೋರ್ ಕೊರೆಸಿ, ಅದರ ಪಕ್ಕ ಕಣ್ಣುಮುಚ್ಚಿ ಕೂತು ಉಸಿರು ಗಮನಿಸೋದು ಹೇಗೆ? ಭಿಕ್ಷುವಿನ ಬಳಿ ಇರಬೇಕು ಅಂತ ಸಂಪ್ರದಾಯ ಹೇಳುವ ಎಂಟು ವಸ್ತುಗಳಲ್ಲಿ ನೀರು ಸೋಸುವ ಬಟ್ಟೆಯೂ ಒಂದು. ನೀರಿನಲ್ಲಿರುವ ಹುಳ ಸಾಯಬಾರದು ಅಂತ. ಮಳೆಗಾಲದ ಮೂರು ತಿಂಗಳು ಒಂದೇ ಕಡೆ ಇರಬೇಕು ಅನ್ನುವ ನಿಯಮ ಬಂದದ್ದೂ ಹಾಗೇ. ಭಿಕ್ಷುಗಳು ಓಡಾಡಿ ಹಸಿರು, ಹುಳಹುಪ್ಪಟೆ ಎಲ್ಲ ತುಳಿಯುತ್ತಾರೆ ಅಂತ ಜನ ತಕರಾರು ತೆಗೆದರು, ಬುದ್ಧ ಕೇಳಿಸಿಕೊಂಡ. ನೆಲ ಅಗೆಯೋದಕ್ಕೂ ಅವರಿಗೆ ನಿಷೇಧ ಇತ್ತು. ಅಷ್ಟು ಕಟ್ಟುನಿಟ್ಟು ನಮ್ಮ ಕೈಲಾಗಲ್ಲ ಬಿಡಿ, ರಾಗಿ ತಿನ್ನೋರು ನೆಲ ಉಳದೆ ಇರೋಕಾಗುತ್ತಾ. ಆದರೆ ಸಂಘದ ಹೆಸರಲ್ಲಿ ಬೋರ್ ಕೊರೆಸೋದು ಬೇಡ ಅನ್ನೋದಾದರೂ ನಮ್ಮ ಮೊದಲ ನಿಯಮ ಆಗಲಿ.

ಗೆಳೆಯರು ಪ್ಲಮ್ ವಿಲೇಜ್ ಅನ್ನುವ ಬೌದ್ಧ ಧ್ಯಾನಕೇಂದ್ರದ ಉದಾಹರಣೆ ಕೊಡುತ್ತಾರೆ. ವಿಯೆಟ್ನಾಂನ ಭಿಕ್ಷು ತಿಕ್ ನಾತ್ ಹಾನ್ 1982ರಲ್ಲಿ ಫ್ರಾನ್ಸಿನಲ್ಲಿ ಅದನ್ನು ಕಟ್ಟಿದ್ದು ನಿಜ. ಆದರೆ ಅವರು ಸಂಘ ಶುರು ಮಾಡಿದ್ದು 1966ರಲ್ಲಿ, ವಿಯೆಟ್ನಾಂ ಯುದ್ಧದ ನಡುವೆ, ಅಲ್ಲಿನ ಸೈಗಾನ್ ನಗರದಲ್ಲಿ. ಸೇರಿದ್ದು ಆರೇ ಜನ. ಹಳ್ಳಿಗಳಲ್ಲಿ ಸೇವೆಗೆ ಇಳಿದಿದ್ದ ಯುವಕ ಯುವತಿಯರು. ಒಪ್ಪಿಕೊಂಡ ಹದಿನಾಲ್ಕು ನಿಯಮ ಇತ್ತು, ಕೈತುಂಬ ಕೆಲಸ ಇತ್ತು, ಎಕರೆ ಲೆಕ್ಕ ಇರಲಿಲ್ಲ.

ಫ್ರಾನ್ಸ್ ತನಕ ಯಾಕೆ, ಕೆಜಿಎಫ್ ಇಲ್ವಾ? ಮದ್ರಾಸಿನಲ್ಲಿ ತಮಿಳು ದಲಿತ ಚಿಂತಕ ಅಯೋತಿ ದಾಸರು 1898ರಲ್ಲಿ ಬೌದ್ಧ ಸಂಘ ಕಟ್ಟಿದ ಮೇಲೆ, ಚಿನ್ನದ ಗಣಿಯಲ್ಲಿ ಇಳಿದು ಕೆಲಸ ಮಾಡುತ್ತಿದ್ದ ತಮಿಳು ದಲಿತ ಕಾರ್ಮಿಕರು ಇಲ್ಲಿಯೂ ಬೌದ್ಧ ಸಂಘ ಮಾಡಿಕೊಂಡರು. ಬಾಬಾಸಾಹೇಬರು ನಾಗಪುರದಲ್ಲಿ 1956ರಲ್ಲಿ ದೀಕ್ಷೆ ತೆಗೆದುಕೊಳ್ಳೋದಕ್ಕೆ ಎಷ್ಟೋ ವರ್ಷ ಮೊದಲಿನ ಮಾತು ಇದು. ನಮ್ಮ ಜಿಲ್ಲೆಯ ಬೌದ್ಧ ಧರ್ಮ ಅಂದರೆ ಅದು. ಮನಸ್ಸಿಗೆ ನೆಮ್ಮದಿ ಬೇಕು ಅಂತ ಬಂದದ್ದಲ್ಲ, ಜಾತಿ ಬಿಡಬೇಕು ಅಂತ ಬಂದದ್ದು. ಇದನ್ನು ಪಕ್ಕಕ್ಕಿಟ್ಟು ಬರೀ ಉಸಿರು, ಮೌನ, ಆರ್ಗಾನಿಕ್ ಊಟ ಅಂತ ಹೊರಟರೆ ಊರಿನವರು ಬೇಲಿಯಾಚೆ ನಿಂತು ನೋಡಿ ಹೋಗುತ್ತಾರೆ ಅಷ್ಟೇ.

ಜಾತಿ ಬೇರೆ, ಪರಿಸರ ಬೇರೆ ಅನ್ನುವವರು ಯಾವುದಾದರೂ ಹಳೇ ಕೆರೆ ಏರಿ ಮೇಲೆ ನಡೆಯಿರಿ. ತೂಬು ತೆಗೆದು ಯಾವ ಗದ್ದೆಗೆ ಎಷ್ಟು ನೀರು ಅಂತ ಬಿಡುತ್ತಿದ್ದ ನೀರುಗಂಟಿಗಳು ಹೆಚ್ಚಾಗಿ ದಲಿತರೇ. ಎಲ್ಲರ ಗದ್ದೆಯ ಅಳತೆಯೂ ಗೊತ್ತಿದ್ದವರು, ಊರೊಳಗಿನ ಬಾವಿ ಮಾತ್ರ ಮುಟ್ಟುವಂತಿರಲಿಲ್ಲ. ಬೋರ್ ಬಂತು, ತೂಬು ತುಕ್ಕು ಹಿಡಿಯಿತು, ಕಾಲುವೆ ತುಂಬಾ ಜಾಲಿ. ಕೆರೆ ನೋಡಿಕೊಳ್ಳೋದನ್ನು ಕಲಿಯಬೇಕಾದರೆ ಆ ಮನೆಗಳ ಹಿರಿಯರ ಹತ್ತಿರ ಹೋಗಿ ಕೂರಬೇಕು. ಅವರೇ ಗುರುಗಳು, ಸುಮ್ನೆ ಗೌರವಕ್ಕೆ ಹೇಳುತ್ತಿಲ್ಲ.

ಇನ್ನೊಂದು ವಿಷಯ, ಬೆರಕೆ ಸೊಪ್ಪು, ಅಂದರೆ ತಾನಾಗಿ ಬೆಳೆಯುವ ಹಲವು ಸೊಪ್ಪುಗಳ ಬೆರಕೆ. ಮಳೆ ಬಿದ್ದ ಮೇಲೆ ಬದುವಿನ ಮೇಲೆ ಬಗ್ಗಿ ಅಣ್ಣೆ, ಗಣಿಕೆ, ದೊಗ್ಗಲಿ ಅಂತ ಒಂದೊಂದೇ ಚಿಗುರು ಚಿವುಟಿ ಮಡಿಲಿಗೆ ಹಾಕಿಕೊಳ್ಳುವ ಅಜ್ಜಿಯರನ್ನು ನೋಡಿ. ಬೇರು ಕೀಳಲ್ಲ, ಮುಂದಿನ ವಾರಕ್ಕೆ ಬಿಡುತ್ತಾರೆ. ಎಚ್ಚರದ ಬದುಕಿಗೆ ಇದಕ್ಕಿಂತ ಒಳ್ಳೆ ಪಾಠ ನಾನಂತೂ ಕಂಡಿಲ್ಲ. ಈಗ ಟೊಮೆಟೊ ತೋಟದ ಬದುವಿಗೂ ಕಳೆನಾಶಕ ಹೊಡೆಯುತ್ತಾರೆ, ಸೊಪ್ಪು ಎಲ್ಲಿ ಸಿಗಬೇಕು. ಬೆಳೆ ಮುಗಿದ ಮೇಲೆ ಗಿಡದ ಬುಡಕ್ಕೆ ಹಾಸಿದ್ದ ಹರಿದ ಮಲ್ಚಿಂಗ್ ಪೇಪರ್ (ಪ್ಲಾಸ್ಟಿಕ್ ಹಾಳೆ) ಅಲ್ಲೇ ರಾಶಿ ಹಾಕಿ ಬೆಂಕಿ ಇಡೋದು ಬೇರೆ. ರೈತರಿಗೆ ಬುದ್ಧಿ ಹೇಳೋಕೆ ಹೋಗಬೇಡಿ, ಬಾಕ್ಸಿಗೆ ಎಷ್ಟು ರೇಟು ಸಿಗುತ್ತೋ ಗೊತ್ತಿಲ್ಲದೆ ಸಾಲ ಮಾಡಿದವರು ಅವರು. ಆ ಪೇಪರ್ ಆರಿಸಿ ಕಟ್ಟಿ ಸಾಗಿಸುವ ಕೆಲಸವನ್ನು ಸಂಘ ವಹಿಸಿಕೊಳ್ಳಲಿ.

ಸೇರೋದಕ್ಕೆ ಹುಣ್ಣಿಮೆ ಇದೆ. ಭಿಕ್ಷುಗಳು ಸೇರಿ ನಿಯಮ ಪಠಿಸುತ್ತಿದ್ದದ್ದು ಹುಣ್ಣಿಮೆ, ಅಮಾವಾಸ್ಯೆಗೇ. ತೇರಹಳ್ಳಿ ಬೆಟ್ಟದ ಮೇಲೆ ಆದಿಮ ಸಾಂಸ್ಕೃತಿಕ ಕೇಂದ್ರದವರ ಹುಣ್ಣಿಮೆ ಹಾಡಿನ ಕೂಟಕ್ಕೆ ಹೋದವರಿಗೆ ಹೊಸದಾಗಿ ಏನೂ ವಿವರಿಸಬೇಕಿಲ್ಲ. ಯಾವುದೋ ಊರಿನ ಕಟ್ಟೆ ಸಾಕು, ಸ್ವಲ್ಪ ಹೊತ್ತು ಸುಮ್ಮನೆ ಕೂರೋದು, ಮುದ್ದೆ ಊಟ, ಆಮೇಲೆ ಕೆಲಸದ ಮಾತು.

ಊಟ ಅಂದೆ ನೋಡಿ, ದೊಡ್ಡ ಜಗಳ ಇರೋದೇ ಅಲ್ಲಿ. ಸಂಘದಲ್ಲಿ ಮಾಂಸ ಬೇಡ ಅಂತ ಕೆಲವರ ಹಟ. ಪ್ಲಮ್ ವಿಲೇಜಿನಲ್ಲಿ ಹಾಲು ಕೂಡ ಇಲ್ಲ, ಒಪ್ಪಿದೆ. ಆದರೆ ತನಗಾಗಿಯೇ ಕೊಂದದ್ದು ಅಂತ ಕಂಡಿಲ್ಲ, ಕೇಳಿಲ್ಲ, ಅನುಮಾನವೂ ಇಲ್ಲ ಅಂದರೆ ಭಿಕ್ಷು ಮಾಂಸ ತೆಗೆದುಕೊಳ್ಳಬಹುದು ಅಂತ ಪಾಳಿ ವಿನಯದಲ್ಲೇ, ಅಂದರೆ ಪಾಳಿ ಭಾಷೆಯ ಭಿಕ್ಷು ನಿಯಮಗಳ ಗ್ರಂಥದಲ್ಲೇ ಇದೆ. ಕೋಲಾರದಲ್ಲಿ ಸಸ್ಯಾಹಾರವನ್ನೇ ನಿಯಮ ಮಾಡಿದರೆ ಯಾರು ಒಳಗೆ ಬರುತ್ತಾರೆ, ಯಾರು ಹೊರಗೆ ಉಳಿಯುತ್ತಾರೆ ಅನ್ನೋದು ನಮಗೆಲ್ಲ ಗೊತ್ತು. ನಾನು ಈ ನಿಯಮಕ್ಕೆ ಸಹಿ ಹಾಕಲ್ಲ. ಹಾಕುವವರು ಕೆಳಗೆ ಬರೆಯಿರಿ, ಮಾತಾಡೋಣ.